ಗಿಟಾರ್ ಮಾಡಿದ ಕೈಗಳು: ಕೊರಿಯಾದ ಕಾರ್ಟ್ ಕಾರ್ಮಿಕರ ಹದಿಮೂರು ವರ್ಷ

ಭಾಗ 1/10
ಹಿಂಬದಿ ತಿರುಗಿಸಿ ನೋಡಿ

ನಿಮ್ಮ ಹತ್ರ ಗಿಟಾರ್ ಇದ್ಯಾ? ಇಲ್ಲಾಂದ್ರೆ ಹಾಸ್ಟೆಲ್‌ನಲ್ಲಿ ಯಾರ ರೂಮಲ್ಲಾದ್ರೂ ಒಂದು ಇದ್ದೇ ಇರುತ್ತೆ. ಒಂದ್ಸಲ ಅದನ್ನ ತಿರುಗಿಸಿ ನೋಡಿ. ಎಲೆಕ್ಟ್ರಿಕ್ ಆದ್ರೆ ತಲೆಯ ಹಿಂಬದಿ, ಅಕೌಸ್ಟಿಕ್ ಆದ್ರೆ ತಂತಿಗಳ ಕೆಳಗಿನ ಆ ದುಂಡು ತೂತಿನ ಒಳಗೆ ಇಣುಕಿ. ‘ಮೇಡ್ ಇನ್ ಇಂಡೋನೇಷ್ಯಾ’, ‘ಮೇಡ್ ಇನ್ ಚೈನಾ’, ಹಳೇದಾದ್ರೆ ‘ಮೇಡ್ ಇನ್ ಕೊರಿಯಾ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ.

ಮುಂದೆ ದೊಡ್ಡದಾಗಿ ಬರೆದಿರೋ ಹೆಸರು ಕಂಪನಿಯದು. ಹಿಂದೆ ಚಿಕ್ಕದಾಗಿ ಇರೋದು ಊರಿನದು. ಮಾಡಿದವರ ಹೆಸರು ಎಲ್ಲೂ ಇರಲ್ಲ.

ಈ ಸರಣಿ ಆ ಇಲ್ಲದ ಹೆಸರುಗಳ ಬಗ್ಗೆ. ದಕ್ಷಿಣ ಕೊರಿಯಾದಲ್ಲಿ ಗಿಟಾರ್ ಮಾಡ್ತಿದ್ದ ನೂರಕ್ಕೂ ಹೆಚ್ಚು ಮಂದಿ 2007ರಲ್ಲಿ ಕೆಲಸ ಕಳಕೊಂಡ್ರು. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ. ಅವರ ಹೋರಾಟ ಮುಗಿದದ್ದು 2019ರಲ್ಲಿ. ನೀವು ಎರಡನೇ ಕ್ಲಾಸಲ್ಲಿ ಇದ್ದಾಗ ಶುರುವಾದ ಒಂದು ಜಗಳ ನೀವು ಪಿಯುಸಿ ಮುಗಿಸೋ ಹೊತ್ತಿಗೂ ನಡೀತಾನೇ ಇದೆ ಅಂದ್ಕೊಳ್ಳಿ, ಅಷ್ಟು ಉದ್ದ.

ಇಷ್ಟು ವರ್ಷ ಅವರ ಜೊತೆ ನಿಂತವರು ಯಾರು ಅನ್ನೋದೇ ಈ ಕಥೆಯ ವಿಶೇಷ. ವಕೀಲರು, ಕಾರ್ಮಿಕ ಸಂಘಗಳು ಇದ್ರು, ಸರಿ. ಆದ್ರೆ ಅವರಷ್ಟೇ ಗಟ್ಟಿಯಾಗಿ ನಿಂತವರು ಹಾಡುಗಾರರು, ಗಿಟಾರ್ ವಾದಕರು, ಚಿತ್ರಕಾರರು, ಸಿನಿಮಾ ಮಾಡೋರು, ನಾಟಕದವರು. ಗಿಟಾರ್ ನುಡಿಸೋರು ಗಿಟಾರ್ ಮಾಡೋರನ್ನ ಮೊದಲ ಸಲ ಎದುರಾಬದುರು ಭೇಟಿ ಮಾಡಿದ ಇತಿಹಾಸ ಇದು.

ನಮ್ಮ ಪಠ್ಯಪುಸ್ತಕದಲ್ಲಿ ಕೊರಿಯಾ ಅಂದ್ರೆ ಯುದ್ಧ, ಆಮೇಲೆ ಆರ್ಥಿಕ ಪವಾಡ. ನಮ್ಮ ಫೋನಿನಲ್ಲಿ ಕೊರಿಯಾ ಅಂದ್ರೆ ಕೆ-ಪಾಪ್. ಇವೆರಡರ ನಡುವೆ ಒಂದು ಕಾರ್ಖಾನೆ ಇತ್ತು. ಅಲ್ಲಿಂದ ಶುರು ಮಾಡೋಣ.

ಭಾಗ 2/10
ಕಿಟಕಿ ಇಲ್ಲದ ಕಾರ್ಖಾನೆ

ಕಂಪನಿಯ ಹೆಸರು ಕಾರ್ಟ್. ಬೆಂಗಳೂರಿನ ಯಾವ ದೊಡ್ಡ ವಾದ್ಯದಂಗಡಿಗೆ ಹೋದ್ರೂ ಈ ಹೆಸರು ಕಣ್ಣಿಗೆ ಬೀಳುತ್ತೆ. ಶುರುವಾದದ್ದು 1973ರಲ್ಲಿ. ಮಾಲೀಕರು ಪಾರ್ಕ್ ಯಂಗ್-ಹೊ.

ಕೊರಿಯಾದಲ್ಲಿ ಅವರಿಗೆ ಎರಡು ಕಾರ್ಖಾನೆ ಇದ್ದವು. ರಾಜಧಾನಿ ಸೋಲ್ ಪಕ್ಕದ ಇಂಚಾನ್ ನಗರದಲ್ಲಿ ಎಲೆಕ್ಟ್ರಿಕ್ ಗಿಟಾರ್, ದಕ್ಷಿಣಕ್ಕೆ ಡೇಜಾನ್ ಕಡೆ ಅಕೌಸ್ಟಿಕ್ ಗಿಟಾರ್. ಕಾನೂನಿನ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಕಂಪನಿಗಳು. ಈ ವಿಷಯ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಕೋರ್ಟಿನಲ್ಲಿ ಬೇಕಾಗುತ್ತೆ.

ಕಾರ್ಟ್ ತನ್ನ ಹೆಸರಿನಲ್ಲಿ ಮಾತ್ರ ಗಿಟಾರ್ ಮಾಡ್ತಿರಲಿಲ್ಲ. ಫೆಂಡರ್, ಐಬನೇಜ್ ಥರದ ದೊಡ್ಡ ಬ್ರ್ಯಾಂಡ್‌ಗಳಿಗೂ ಗುತ್ತಿಗೆಯ ಮೇಲೆ ಮಾಡಿಕೊಡ್ತಿತ್ತು. ಅಂದ್ರೆ ಹೆಸರು ಅವರದು, ಕೈ ಇವರದು. ವಾದ್ಯ ಲೋಕದಲ್ಲಿ ಇದು ಮಾಮೂಲಿ ವ್ಯವಸ್ಥೆ. ದುಬಾರಿ ಮಾದರಿಗಳು ಬ್ರ್ಯಾಂಡಿನ ಸ್ವಂತ ದೇಶದಲ್ಲಿ, ನಾವು ನೀವು ಕೊಳ್ಳೋ ದರದ್ದು ಎಲ್ಲಿ ಕೂಲಿ ಕಡಿಮೆಯೋ ಅಲ್ಲಿ.

ಗಿಟಾರ್ ಮಾಡೋದು ಅಂದ್ರೆ ಕಲೆ ಅಂತ ನಮಗೆ ಅನ್ಸುತ್ತೆ. ಕಾರ್ಖಾನೆಯಲ್ಲಿ ಅದು ಮರದ ಪುಡಿ. ಮರ ಕೊಯ್ಯಬೇಕು, ಉಜ್ಜಬೇಕು, ಅಂಟು ಹಾಕಬೇಕು, ಮೇಲೆ ಲ್ಯಾಕರ್ ಬಳಿಯಬೇಕು, ಮತ್ತೆ ಉಜ್ಜಿ ಹೊಳಪು ಬರಿಸಬೇಕು. ಪ್ರತಿ ಹಂತದಲ್ಲೂ ಧೂಳು ಇಲ್ಲವೇ ರಾಸಾಯನಿಕದ ವಾಸನೆ. ಕಾರ್ಮಿಕರು ಆಮೇಲೆ ಹೇಳಿದ್ದು: ಉಸಿರಾಟದ ಕಾಯಿಲೆ, ಕೈ-ಭುಜದ ನೋವು, ಯಂತ್ರಕ್ಕೆ ಸಿಕ್ಕ ಬೆರಳು.

ಇನ್ನೊಂದು ಮಾತನ್ನು ಅವರು ಹೋದಲ್ಲೆಲ್ಲ ಹೇಳಿದ್ರು. ಡೇಜಾನ್ ಕಾರ್ಖಾನೆಗೆ ಕಿಟಕಿಗಳೇ ಇರಲಿಲ್ಲ. ಹೊರಗೆ ನೋಡ್ತಾ ಕೂತ್ರೆ ಕೆಲಸ ನಿಧಾನ ಆಗುತ್ತೆ ಅನ್ನೋದು ಅದರ ಹಿಂದಿದ್ದ ಯೋಚನೆ ಅಂತ ಅವರ ವಿವರಣೆ.

ಕಿಟಕಿ ಇಲ್ಲದ ಕೋಣೆಯಲ್ಲಿ ಕೂತು, ಬಯಲಲ್ಲಿ ಸಾವಿರಾರು ಜನರ ಮುಂದೆ ನುಡಿಸೋ ವಾದ್ಯ ಮಾಡೋದು. ಸ್ವಲ್ಪ ಹೊತ್ತು ಇದನ್ನ ಮನಸ್ಸಲ್ಲಿ ಇಟ್ಕೊಂಡು ಮುಂದಿನ ಭಾಗಕ್ಕೆ ಬನ್ನಿ.

ಭಾಗ 3/10
ಗೇಟಿಗೆ ಅಂಟಿಸಿದ ಕಾಗದ

2006ರಲ್ಲಿ ಡೇಜಾನ್ ಕಾರ್ಖಾನೆಯ ಕಾರ್ಮಿಕರು ಸಂಘ ಕಟ್ಟಿದ್ರು. ಇಂಚಾನ್‌ನಲ್ಲಿ ಅದಾಗಲೇ ಸಂಘ ಇತ್ತು. ಸಂಘ ಬಂದ ಮೇಲೆ ಸಂಬಳದ ಬಗ್ಗೆ, ಕೆಲಸದ ಜಾಗದ ಬಗ್ಗೆ ಮಾತಾಡೋಕೆ ಒಂದು ದಾರಿ ಸಿಕ್ತು.

ಅದು ಬಹಳ ದಿನ ಉಳಿಯಲಿಲ್ಲ. 2007ರ ಏಪ್ರಿಲ್‌ನಲ್ಲಿ ಇಂಚಾನ್‌ನ ಐವತ್ತಕ್ಕೂ ಹೆಚ್ಚು ಜನರನ್ನ ಒಂದೇ ಸಲಕ್ಕೆ ಕೆಲಸದಿಂದ ತೆಗೆದ್ರು. ಅದೇ ವರ್ಷ ಜುಲೈನಲ್ಲಿ ಡೇಜಾನ್‌ನವರು ಎಂದಿನಂತೆ ಕೆಲಸಕ್ಕೆ ಬಂದಾಗ ಗೇಟು ಮುಚ್ಚಿತ್ತು. ಗೇಟಿಗೆ ಒಂದು ನೋಟಿಸು ಅಂಟಿಸಿದ್ರು. ಅಲ್ಲಿದ್ದ ಅರವತ್ತೇಳು ಮಂದಿಗೂ ಕೆಲಸ ಹೋಯ್ತು. 2008ರಲ್ಲಿ ಇಂಚಾನ್ ಕಾರ್ಖಾನೆಯೂ ಪೂರ್ತಿ ಬಾಗಿಲು ಹಾಕಿತು.

ಕಂಪನಿ ಮುಳುಗಿ ಹೋಗಿತ್ತಾ? ಇಲ್ಲ. ಕಾರ್ಟ್ ಗಿಟಾರ್‌ಗಳು ಮೊದಲಿನ ಹಾಗೇ ಮಾರಾಟ ಆಗ್ತಾ ಇದ್ದವು. ಇಂಡೋನೇಷ್ಯಾದ ಸುರಬಾಯಾ, ಚೀನಾದ ದಾಲಿಯನ್ ನಗರಗಳಲ್ಲಿ ಅದರ ಕಾರ್ಖಾನೆಗಳು ನಡೀತಿದ್ದವು. ಕೆಲಸ ನಿಂತಿರಲಿಲ್ಲ, ಜಾಗ ಬದಲಾಗಿತ್ತು ಅಷ್ಟೇ.

ಕಂಪನಿಯ ಮಾತು: ಕೊರಿಯಾದಲ್ಲಿ ನಷ್ಟ ಆಗ್ತಿದೆ, ನಡೆಸೋಕೆ ಆಗಲ್ಲ. ಕಾರ್ಮಿಕರ ಮಾತು: ವರ್ಷಗಟ್ಟಲೆ ಲಾಭ ಮಾಡಿದ ಕಂಪನಿ, ಸಂಘ ಬಂದ ಕೂಡಲೇ ನಷ್ಟದ ಮಾತು ತೆಗೀತಿದೆ.

ಇಲ್ಲಿ ಒಂದು ಕಾನೂನು ಗೊತ್ತಿರಬೇಕು. ಕೊರಿಯಾದ ಕಾರ್ಮಿಕ ಮಾನದಂಡ ಕಾಯ್ದೆಯ 24ನೇ ಕಲಮಿನ ಪ್ರಕಾರ, ಮಾಲೀಕ ತನ್ನ ಕಾರಣಕ್ಕೆ ಜನರನ್ನ ತೆಗೀಬೇಕಾದ್ರೆ ವ್ಯವಹಾರ ನಡೆಸೋಕೆ ‘ತುರ್ತು ಅಗತ್ಯ’ ಇದೆ ಅಂತ ತೋರಿಸಬೇಕು. ಸುಮ್ಮನೆ ಲಾಭ ಹೆಚ್ಚಿಸೋಕೆ ಅಂತ ತೆಗೆಯೋ ಹಾಗಿಲ್ಲ. ಹಾಗಾದ್ರೆ ‘ತುರ್ತು’ ಅಂದ್ರೆ ಎಷ್ಟು ತುರ್ತು? ಮುಂದಿನ ಇಡೀ ದಶಕದ ಜಗಳ ಈ ಒಂದು ಪದದ ಮೇಲೆ ನಿಂತಿತ್ತು.

ಭಾಗ 4/10
ಕೊನೇ ಬುಧವಾರ

2008ರ ಶರತ್ಕಾಲ. ಸೋಲ್‌ನ ಹಾನ್ ನದಿ ದಡದಲ್ಲಿ ಸುಮಾರು 40 ಮೀಟರ್ ಎತ್ತರದ ವಿದ್ಯುತ್ ಗೋಪುರವನ್ನ ಒಬ್ಬ ಕಾರ್ಮಿಕ ನಾಯಕ ಹತ್ತಿದ್ರು. ಅಲ್ಲೇ ಕೂತು ಊಟ ಬಿಟ್ರು. ಹತ್ತತ್ತಿರ ಒಂದು ತಿಂಗಳು. ಹದಿಮೂರು ಮಹಡಿ ಕಟ್ಟಡದಷ್ಟು ಎತ್ತರದಲ್ಲಿ, ಚಳಿ ಗಾಳಿಯಲ್ಲಿ.

ಕಂಪನಿ ಜಗ್ಗಲಿಲ್ಲ. ಆದ್ರೆ ಆ ನದಿಯಿಂದ ಸ್ವಲ್ಪವೇ ದೂರದಲ್ಲಿ ಹೊಂಗ್‌ದೇ ಅನ್ನೋ ಪ್ರದೇಶ ಇದೆ. ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಮುತ್ತಲಿನ ಬೀದಿಗಳು. ಕೊರಿಯಾದ ಇಂಡೀ ಬ್ಯಾಂಡ್‌ಗಳು ಹುಟ್ಟಿ ಬೆಳೆದ ಜಾಗ. ನೆಲಮಾಳಿಗೆಯ ಸಣ್ಣ ಸಣ್ಣ ಕ್ಲಬ್ಬುಗಳು, ಐವತ್ತು ಜನ ಸೇರಿದ್ರೆ ಹೌಸ್‌ಫುಲ್.

ಅಂಥದ್ದೇ ಒಂದು ಕ್ಲಬ್ಬಿನ ಹೆಸರು ‘ಪಾಂಗ್’. ಕೊರಿಯನ್ ಭಾಷೆಯಲ್ಲಿ ಬ್ರೆಡ್ ಅಂತ ಅರ್ಥ. 2008ರ ಡಿಸೆಂಬರ್‌ನಿಂದ ಪ್ರತಿ ತಿಂಗಳ ಕೊನೇ ಬುಧವಾರ ಅಲ್ಲಿ ಈ ಕಾರ್ಮಿಕರಿಗಾಗಿ ಸಂಗೀತ ಕಾರ್ಯಕ್ರಮ ನಡೆಯೋಕೆ ಶುರುವಾಯ್ತು. ಒಂದು ತಿಂಗಳಲ್ಲ, ಒಂದು ವರ್ಷವಲ್ಲ, ವರ್ಷಗಟ್ಟಲೆ ನಡೀತು.

ಒಮ್ಮೆ ದೊಡ್ಡ ಸ್ಟೇಡಿಯಂನಲ್ಲಿ ಹಾಡಿ, ಫೋಟೊ ತೆಗೆಸಿಕೊಂಡು ಹೋಗೋದು ಬೇರೆ. ತಿಂಗಳಿಗೊಮ್ಮೆ, ಮಳೆ ಬರಲಿ ಹಿಮ ಬೀಳಲಿ, ಸಣ್ಣ ನೆಲಮಾಳಿಗೆಯಲ್ಲಿ ಸೇರೋದು ಬೇರೆ. ಎರಡನೆಯದಕ್ಕೆ ಸುದ್ದಿಬೆಲೆ ಇಲ್ಲ. ಆದ್ರೆ ಹೋರಾಟದಲ್ಲಿ ಇರೋರಿಗೆ ಬೇಕಾಗಿರೋದು ಅದೇ. ಈ ತಿಂಗಳೂ ನಮ್ಮನ್ನ ಯಾರೋ ಕಾಯ್ತಿದ್ದಾರೆ ಅನ್ನೋ ಖಾತ್ರಿ.

ಈ ಇಂಡೀ ಹುಡುಗ ಹುಡುಗಿಯರು ಶ್ರೀಮಂತರೇನೂ ಆಗಿರಲಿಲ್ಲ. ಈ ತಿಂಗಳ ಬಾಡಿಗೆ ಎಲ್ಲಿಂದ ಅಂತ ಯೋಚಿಸೋರೇ. ಕೈಯಲ್ಲಿದ್ದ ಗಿಟಾರ್ ಕೂಡ ದುಬಾರಿಯದ್ದಲ್ಲ. ಈ ಕಾರ್ಮಿಕರೇ ಮಾಡಿದ್ದಾದ್ರೂ ಆಗಿರಬಹುದು. ವೇದಿಕೆ ಮೇಲಿನವರು ಕೆಳಗೆ ಕೂತವರಿಗೆ ಉಪಕಾರ ಮಾಡ್ತಿದ್ದಾರೆ ಅನ್ನೋ ಭಾವನೆ ಅಲ್ಲಿ ಬರೋಕೆ ಜಾಗವೇ ಇರಲಿಲ್ಲ.

ಭಾಗ 5/10
ಗಿಟಾರ್ ಜಾತ್ರೆಗೆ ಬಂದ ಅತಿಥಿಗಳು

ಕಂಪನಿಯ ಗಿರಾಕಿಗಳು ಕೊರಿಯಾದ ಹೊರಗೇ ಹೆಚ್ಚು. ಹಾಗಾದ್ರೆ ಅಲ್ಲಿಗೇ ಹೋಗೋಣ ಅಂತ ಕಾರ್ಮಿಕರು ತೀರ್ಮಾನಿಸಿದ್ರು.

ವಾದ್ಯಗಳಿಗೆ ಆಗ ಜಗತ್ತಿನಲ್ಲಿ ಕೆಲವು ದೊಡ್ಡ ವ್ಯಾಪಾರ ಮೇಳಗಳಿದ್ದವು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಒಂದು, ಜಪಾನಿನ ಯೊಕೊಹಾಮಾದಲ್ಲಿ ಒಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ‘ನ್ಯಾಮ್’ ಅನ್ನೋದು ಇನ್ನೊಂದು. ಹೊಸ ಮಾದರಿ ನೋಡೋಕೆ ಅಂಗಡಿಯವರು, ಕಂಪನಿಯವರು, ಸ್ಟಾರ್ ವಾದಕರು ಎಲ್ಲ ಅಲ್ಲಿ ಸೇರ್ತಿದ್ರು. 2009ರಲ್ಲಿ ಫ್ರಾಂಕ್‌ಫರ್ಟ್, ಯೊಕೊಹಾಮಾ, 2010ರ ಜನವರಿಯಲ್ಲಿ ಅನಾಹೈಮ್. ಮೂರೂ ಕಡೆ ಕೆಲಸ ಕಳಕೊಂಡ ಕಾರ್ಮಿಕರು ಕರಪತ್ರ ಹಿಡಿದು ನಿಂತ್ರು.

ಆ ದೃಶ್ಯ ಊಹಿಸಿ. ಒಳಗೆ ಮಿರಮಿರ ಮಿಂಚೋ ಗಿಟಾರ್‌ಗಳು. ಅಂಥ ಗಿಟಾರನ್ನ ಉಜ್ಜಿ ಮಿಂಚಿಸಿದವರು ಹೊರಗೆ, ಬಾಗಿಲ ಹತ್ರ.

ಲಾಸ್ ಏಂಜಲಿಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಟಾಮ್ ಮೊರೆಲ್ಲೊ. ‘ರೇಜ್ ಅಗೇನ್ಸ್ಟ್ ದ ಮಷೀನ್’ ಬ್ಯಾಂಡಿನ ಗಿಟಾರ್ ವಾದಕ. ಸಿಸ್ಟಮ್ ಆಫ್ ಎ ಡೌನ್ ಬ್ಯಾಂಡಿನ ಸರ್ಜ್ ಟಾಂಕಿಯನ್ ಜೊತೆ ಸೇರಿ ‘ಆಕ್ಸಿಸ್ ಆಫ್ ಜಸ್ಟಿಸ್’ ಅನ್ನೋ ಸಂಸ್ಥೆ ಕಟ್ಟಿದ್ದವರು. ಮೊರೆಲ್ಲೊ ಕಾರ್ಮಿಕರ ಪರವಾಗಿ ಬಹಿರಂಗವಾಗಿ ಮಾತಾಡಿದ್ರು, ಅವರಿಗಾಗಿ ನಡೆದ ಕಾರ್ಯಕ್ರಮದಲ್ಲಿ ನುಡಿಸಿದ್ರು. ಗಿಟಾರ್ ಅನ್ನೋದು ಜನರನ್ನ ಬಿಡುಗಡೆ ಮಾಡೋ ಸಾಧನ ಆಗಬೇಕೇ ಹೊರತು ಅವರನ್ನ ಹಿಂಡೋ ಸಾಧನ ಆಗಬಾರದು ಅನ್ನೋದು ಅವರ ನಿಲುವು. ಅದೇ ಬ್ಯಾಂಡಿನ ಹಾಡುಗಾರ ಜ್ಯಾಕ್ ಡಿ ಲಾ ರೋಚಾ ಕೂಡ ಕಾರ್ಮಿಕರನ್ನ ಭೇಟಿ ಮಾಡಿ ಬೆಂಬಲ ಕೊಟ್ರು.

ಮೊರೆಲ್ಲೊ ಈ ಕಾರ್ಮಿಕರಿಗಾಗಿ ಒಂದು ಹಾಡನ್ನೇ ಬರೆದ್ರು. ಅದರ ಹೆಸರನ್ನೇ 2011ರಲ್ಲಿ ಬಂದ ತಮ್ಮ ಇಡೀ ಆಲ್ಬಮ್‌ಗೆ ಇಟ್ರು: ‘ವರ್ಲ್ಡ್ ವೈಡ್ ರೆಬೆಲ್ ಸಾಂಗ್ಸ್’. ಹುಡುಕಿ ಕೇಳಿ. ಈಗ ಅದು ಬೇರೆ ಥರ ಕೇಳ್ಸುತ್ತೆ.

2010ರ ಬೇಸಿಗೆಯಲ್ಲಿ ಜಪಾನಿನ ಫುಜಿ ರಾಕ್ ಉತ್ಸವಕ್ಕೂ ಕಾರ್ಮಿಕರು ಹೋದ್ರು.

ಭಾಗ 6/10
ಸ್ಟಾರ್ ಮಾತಾಡಿದ್ರೆ ಏನಾಗುತ್ತೆ?

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಯಾರೋ ಒಬ್ಬ ರಾಕ್ ಸ್ಟಾರ್ ಬೆಂಬಲ ಕೊಟ್ರೆ ಕಾರ್ಮಿಕರಿಗೆ ಏನು ಲಾಭ?

ಬ್ರ್ಯಾಂಡು, ಕಾರ್ಖಾನೆ, ಕಾರ್ಮಿಕ. ಇದೊಂದು ಸರಪಳಿ. ಕಾರ್ಮಿಕ ಬ್ರ್ಯಾಂಡಿನ ಹತ್ರ ಹೋಗಿ ‘ನನಗೆ ಅನ್ಯಾಯ ಆಗಿದೆ’ ಅಂದ್ರೆ, ‘ನೀವು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರನನ್ನ ಕೇಳಿ’ ಅನ್ನೋದು ಸುಲಭ. ಗುತ್ತಿಗೆದಾರ ‘ನಾನು ಕಾರ್ಖಾನೆ ಮುಚ್ಚಿದ್ದೀನಿ’ ಅಂತಾನೆ. ಎರಡೂ ಬಾಗಿಲು ಬಂದ್.

ಆದ್ರೆ ಗಿಟಾರ್ ಕಂಪನಿಗಳು ಗಿಟಾರ್ ಮಾರೋದು ಹೇಗೆ? ವಾದಕರ ಹೆಸರಿನಿಂದ. ಇಂಥವರು ನುಡಿಸೋ ಮಾದರಿ, ಇಂಥವರ ಸಹಿ ಇರೋ ಮಾದರಿ. ಕ್ರಿಕೆಟ್ ಬ್ಯಾಟಿನ ಸ್ಟಿಕ್ಕರ್ ನೆನಪಿಸ್ಕೊಳ್ಳಿ. ಅಂಥ ವಾದಕನೇ ಬಾಯಿ ಬಿಟ್ಟು ‘ಇದನ್ನ ಮಾಡಿದವರಿಗೆ ಏನಾಯ್ತು?’ ಅಂತ ಕೇಳಿದ್ರೆ, ಆ ಪ್ರಶ್ನೆಯನ್ನ ತಳ್ಳಿಹಾಕೋದು ಕಷ್ಟ. ಕಾರ್ಮಿಕನಿಗೆ ಇಲ್ಲದ ಒಂದು ಹಿಡಿತ ಕಲಾವಿದನ ಕೈಯಲ್ಲಿದೆ. ಆ ಹಿಡಿತವನ್ನ ಎರವಲು ಕೊಡೋದೇ ಬೆಂಬಲ.

ಆ ಹಿಡಿತ ಉಲ್ಟಾ ಕೂಡ ಕೆಲಸ ಮಾಡುತ್ತೆ. ಕಂಪನಿಯಿಂದ ಬಿಟ್ಟಿ ವಾದ್ಯ, ಪ್ರಾಯೋಜಕತ್ವ ತಗೊಳ್ಳೋ ಕಲಾವಿದ ಬಾಯಿ ಮುಚ್ಚಿಕೊಂಡು ಇರೋಕೆ ನೂರು ಕಾರಣ ಇರುತ್ತೆ. ಇದಕ್ಕೆ ಒಂದು ಒಳ್ಳೆ ಉದಾಹರಣೆ ಕೊರಿಯಾದಲ್ಲೇ ಇದೆ.

ಶಿನ್ ಡೇಚುಲ್ ಅಲ್ಲಿನ ಹೆವಿ ಮೆಟಲ್ ಬ್ಯಾಂಡ್ ‘ಸಿನಾವೆ’ಯ ಗಿಟಾರ್ ವಾದಕ. ಅವರ ತಂದೆ ಶಿನ್ ಜುಂಗ್-ಹ್ಯುನ್ ಕೊರಿಯನ್ ರಾಕ್ ಸಂಗೀತದ ಪಿತಾಮಹ ಅಂತಲೇ ಹೆಸರಾದವರು. 2013ರಲ್ಲಿ ತಂದೆಯ ಗೌರವಾರ್ಥ ಒಂದು ದೊಡ್ಡ ಗಿಟಾರ್ ಕಛೇರಿ ಏರ್ಪಾಟಾಯ್ತು. ಶಿನ್ ಡೇಚುಲ್ ನುಡಿಸೋಕೆ ಒಪ್ಪಿದ್ರು. ಆಮೇಲೆ ಗೊತ್ತಾಯ್ತು, ಅದರ ಹಿಂದೆ ಇದ್ದದ್ದು ಕಾರ್ಟ್ ಕಂಪನಿಯ ಸಾಂಸ್ಕೃತಿಕ ಸಂಸ್ಥೆ.

ಅವರು ಹಿಂದೆ ಸರಿದ್ರು. ತಂದೆಯ ಹೆಸರಿನ ಕಾರ್ಯಕ್ರಮದಿಂದಲೇ ಹಿಂದೆ ಸರಿದ್ರು. ಹೀಗಾಗಿದ್ದಕ್ಕೆ ಕಾರ್ಮಿಕರ ಕ್ಷಮೆ ಕೇಳಿದ್ರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಹಾನ್ ಸಾಂಗ್-ವನ್, ಚೊಯ್ ಈ-ಚುಲ್, ಕಿಮ್ ಮೊಕ್-ಗ್ಯುಂಗ್ ಥರದ ಹಿರಿಯ ವಾದಕರ ಜೊತೆ ಸೇರಿ ಕಾರ್ಮಿಕರಿಗಾಗಿ ಒಂದು ಕಛೇರಿ ಮಾಡಿದ್ರು.

ನುಡಿಸೋದು ಬೆಂಬಲ. ಕೆಲವೊಮ್ಮೆ ನುಡಿಸದೇ ಇರೋದು ಇನ್ನೂ ದೊಡ್ಡ ಬೆಂಬಲ.

ಭಾಗ 7/10
ಮಾಡಿದವರೇ ನುಡಿಸಿದಾಗ

ಇಷ್ಟು ಹೊತ್ತು ಕಲಾವಿದರು ಒಂದು ಕಡೆ, ಕಾರ್ಮಿಕರು ಇನ್ನೊಂದು ಕಡೆ ಅನ್ನೋ ಥರ ಹೇಳ್ತಾ ಬಂದೆ. ಆದ್ರೆ ಈ ಗೆರೆ ಅಳಿಸಿ ಹೋಗಿದ್ದೇ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ.

ಇಪ್ಪತ್ತು ಮೂವತ್ತು ವರ್ಷ ಗಿಟಾರ್ ಮಾಡಿದವರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಆಶ್ಚರ್ಯ ಅನ್ಸುತ್ತಾ? ನಮ್ಮಲ್ಲಿ ರೇಷ್ಮೆ ಸೀರೆ ನೇಯೋರ ಮನೆಯ ಕಪಾಟಿನಲ್ಲಿ ಎಷ್ಟು ರೇಷ್ಮೆ ಸೀರೆ ಇರುತ್ತೆ, ಯೋಚನೆ ಮಾಡಿ. ಕುತ್ತಿಗೆ ಉಜ್ಜೋರು ಕುತ್ತಿಗೆ ಉಜ್ತಾರೆ, ಬಣ್ಣ ಹೊಡೆಯೋರು ಬಣ್ಣ ಹೊಡೀತಾರೆ. ವಾದ್ಯ ಪೂರ್ತಿಯಾಗಿ ದನಿ ಎತ್ತೋ ಹೊತ್ತಿಗೆ ಅದು ಬೇರೆ ದೇಶ ಸೇರಿರುತ್ತೆ.

ಬೀದಿಗೆ ಬಿದ್ದ ಮೇಲೆ ಕೆಲವರು ಕಲಿತ್ರು. ಮಧ್ಯವಯಸ್ಸಿನವರು, ಗಟ್ಟಿ ಬೆರಳಿನವರು, ಮೊದಲ ಸಲ ಕಾರ್ಡ್ ಹಿಡಿಯೋದನ್ನ ಕಲಿತ್ರು. ಸಂಗೀತಗಾರ ಗೆಳೆಯರೇ ಮೇಷ್ಟ್ರು. ಗಿಟಾರ್, ಬಾಸ್, ಪೆಟ್ಟಿಗೆ ಮೇಲೆ ಕೂತು ಬಡಿಯೋ ಕಹೋನ್. ‘ಕಾಲ್ ಬ್ಯಾಂಡ್’ ಅಂತ ಹೆಸರಿಟ್ಟು ತಮ್ಮದೇ ಬ್ಯಾಂಡ್ ಕಟ್ಟಿ ಧರಣಿ ಜಾಗಗಳಲ್ಲಿ, ವೇದಿಕೆಗಳಲ್ಲಿ ನುಡಿಸಿದ್ರು. ಕೆಲಸ ಕಳಕೊಂಡ ಬೇರೆ ಕಾರ್ಖಾನೆಗಳ ಕಾರ್ಮಿಕರ ಸಭೆಗಳಿಗೂ ಹೋದ್ರು. ಬೆಂಬಲ ತಗೊಳ್ತಿದ್ದವರು ಬೆಂಬಲ ಕೊಡೋರಾದ್ರು.

2013ರಲ್ಲಿ ಅವರು ನಾಟಕವನ್ನೂ ಆಡಿದ್ರು. ಯಾವುದು ಗೊತ್ತಾ? ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್. ಒಂದು ರಂಗತಂಡ ಕಾರ್ಮಿಕರನ್ನೇ ಪಾತ್ರಧಾರಿಗಳಾಗಿ ಮಾಡ್ಕೊಂಡು ರಂಗಕ್ಕೆ ತಂದಿತ್ತು. ಅನ್ಯಾಯ ನಡೆದಿದೆ ಅಂತ ಗೊತ್ತು, ಏನು ಮಾಡಬೇಕು ಅನ್ನೋದು ಗೊತ್ತಿಲ್ಲ, ಕಾಲ ಸರೀತಾ ಇದೆ. ಆ ರಾಜಕುಮಾರನ ಸಂಕಟ ಇವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಿನಿಮಾ ಕೂಡ ಬಂತು. ನಿರ್ದೇಶಕ ಕಿಮ್ ಸುಂಗ್-ಗ್ಯುನ್ ಇವರ ಬಗ್ಗೆ ‘ಗಿಟಾರ್ ಕಥೆ’, ಆಮೇಲೆ ‘ಕನಸಿನ ಕಾರ್ಖಾನೆ’ ಅನ್ನೋ ಅರ್ಥದ ಹೆಸರಿನ ಎರಡು ಸಾಕ್ಷ್ಯಚಿತ್ರ ಮಾಡಿದ್ರು. ಕಾರ್ಮಿಕರಲ್ಲೇ ಒಬ್ಬರು ಧರಣಿಯ ದಿನಚರಿ ಬರೆದ್ರು, ಅದು ಪುಸ್ತಕವಾಯ್ತು.

ಭಾಗ 8/10
ಖಾಲಿ ಕಾರ್ಖಾನೆಯೊಳಗೆ ಬಣ್ಣ

ಇಂಚಾನ್‌ನ ಕಾರ್ಖಾನೆ ಮುಚ್ಚಿದ ಮೇಲೂ ಕಾರ್ಮಿಕರು ಅಲ್ಲೇ ಧರಣಿ ಕೂತಿದ್ರು. 2012ರಲ್ಲಿ ಚಿತ್ರಕಾರರು, ಶಿಲ್ಪಿಗಳು ಆ ಖಾಲಿ ಕಟ್ಟಡದೊಳಗೆ ಬಂದು ಸೇರಿದ್ರು. ಕೆಲವರು ಅಲ್ಲೇ ಉಳಿದು ಕೆಲಸ ಮಾಡೋಕೆ ಶುರು ಮಾಡಿದ್ರು. ಕಾರ್ಖಾನೆಯಲ್ಲಿ ಬಿಟ್ಟುಹೋದ ವಸ್ತುಗಳೇ ಅವರ ಸಾಮಗ್ರಿ. ಗೋಡೆಗಳ ಮೇಲೆ ಚಿತ್ರ, ನೆಲದ ಮೇಲೆ ಶಿಲ್ಪ. ಅದೇ ಬೇಸಿಗೆಯಲ್ಲಿ ಅಲ್ಲಿ ಪ್ರದರ್ಶನ ನಡೀತು. ಜನ ಕಾರ್ಖಾನೆ ನೋಡೋಕೆ ಬಂದ್ರು.

2013ರ ಫೆಬ್ರವರಿ 1. ಕಾರ್ಖಾನೆ ಜಾಗವನ್ನ ಖಾಲಿ ಮಾಡಿಸೋಕೆ ಬಂದವರು ಕಾರ್ಮಿಕರನ್ನೂ ಕಲಾವಿದರನ್ನೂ ಹೊರಗೆ ಹಾಕಿದ್ರು. ಒಳಗಿದ್ದ ಕಲಾಕೃತಿಗಳು ಹಾಳಾದವು. ಕಾರ್ಮಿಕರು ಅಲ್ಲೇ ಹತ್ತಿರದಲ್ಲಿ ಡೇರೆ ಹಾಕಿ ಮತ್ತೆ ಕೂತ್ರು. ಚಿತ್ರಕಾರರು ಅಲ್ಲಿಗೂ ಬಂದ್ರು.

ಬೆಂಬಲ ಕೊಡೋದು ಅಂದ್ರೆ ಸುರಕ್ಷಿತವಾದ ಜಾಗದಲ್ಲಿ ನಿಂತು ಒಳ್ಳೇ ಮಾತಾಡೋದು ಅಂತ ನಾವು ಅಂದ್ಕೊಂಡಿರ್ತೀವಿ. ಈ ಚಿತ್ರಕಾರರು ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದೇ ದಿನದಲ್ಲಿ ಹೋಯ್ತು. ಕಾರ್ಮಿಕರಿಗೆ ಆದದ್ದೂ ಅದೇ ಅಲ್ವಾ? ವರ್ಷಗಟ್ಟಲೆ ದುಡಿದ ಜಾಗ ಒಂದು ಬೆಳಿಗ್ಗೆ ಮುಚ್ಚಿಹೋಗಿತ್ತು. ಆ ನೋವು ಏನು ಅನ್ನೋದು ಅವತ್ತು ಕಲಾವಿದರಿಗೆ ಕರಪತ್ರ ಓದದೇ ಗೊತ್ತಾಯ್ತು.

ಭಾಗ 9/10
‘ಮುಂದೆ ಬರಬಹುದಾದ’ ಕಷ್ಟ

ಈಗ ಕೋರ್ಟಿನ ಕಥೆ. ಬೋರ್ ಅಂತ ಸ್ಕಿಪ್ ಮಾಡ್ಬೇಡಿ, ಎಲ್ಲದರ ಬೇರು ಇಲ್ಲೇ ಇದೆ.

2012ರ ಫೆಬ್ರವರಿ 23ರಂದು ಕೊರಿಯಾದ ಸುಪ್ರೀಂ ಕೋರ್ಟ್ ಎರಡೂ ಕಾರ್ಖಾನೆಗಳ ಬಗ್ಗೆ ಒಂದೇ ದಿನ ತೀರ್ಪು ಕೊಡ್ತು. ಇಂಚಾನ್‌ನವರನ್ನ ತೆಗೆದದ್ದು ತಪ್ಪು ಅಂತು. ಕಾರ್ಮಿಕರು ಗೆದ್ರು. ಆದ್ರೆ ಹೋಗೋಕೆ ಕಾರ್ಖಾನೆಯೇ ಇರಲಿಲ್ಲ. ಕಾರ್ಖಾನೆ ಇಲ್ಲ ಅನ್ನೋ ಕಾರಣ ಕೊಟ್ಟು ಕಂಪನಿ ಅವರನ್ನ ಮತ್ತೊಮ್ಮೆ ಕೆಲಸದಿಂದ ತೆಗೀತು.

ಡೇಜಾನ್‌ನವರು 2009ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿದ್ರು. ಅವರ ಕೇಸನ್ನ ಸುಪ್ರೀಂ ಕೋರ್ಟ್ ಮತ್ತೆ ಕೆಳಗೆ ಕಳಿಸ್ತು: ಸರಿಯಾಗಿ ನೋಡಿ, ತುರ್ತು ಅಗತ್ಯ ಇದ್ದಿರಬಹುದು. 2014ರ ಜನವರಿಯಲ್ಲಿ ಸೋಲ್ ಹೈಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು. ಆ ಹೊತ್ತಿಗೆ ದೊಡ್ಡ ಕಷ್ಟ ಇಲ್ಲದಿದ್ರೂ, ಮುಂದೆ ಬರಬಹುದಾದ ಕಷ್ಟಕ್ಕೂ ಜನರನ್ನ ತೆಗೀಬಹುದು ಅನ್ನೋದು ಅದರ ತಿರುಳು. ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು.

‘ಮುಂದೆ ಬರಬಹುದಾದ’. ಈ ಎರಡು ಪದ ಬಂದ ಮೇಲೆ ‘ತುರ್ತು’ ಅನ್ನೋ ಪದಕ್ಕೆ ಏನು ಉಳೀತು? ನಾಳೆ ಕಷ್ಟ ಬರಲ್ಲ ಅಂತ ಯಾವ ಕಂಪನಿಯ ಬಗ್ಗೆ ಹೇಳೋಕಾಗುತ್ತೆ?

2015ರಲ್ಲಿ ಆಡಳಿತ ಪಕ್ಷದ ನಾಯಕ ಕಿಮ್ ಮೂ-ಸುಂಗ್, ಇಂಥ ಒಳ್ಳೇ ಕಂಪನಿಗಳು ಮುಚ್ಚಿದ್ದೇ ಕಾರ್ಮಿಕ ಸಂಘದ ಹಟದಿಂದ ಅನ್ನೋ ಅರ್ಥದ ಮಾತಾಡಿದ್ರು. ಕಾರ್ಮಿಕರು ಅವರ ಪಕ್ಷದ ಕಚೇರಿ ಮುಂದೆ ಕೂತ್ರು, ಒಬ್ಬರು 45 ದಿನ ಉಪವಾಸ ಮಾಡಿದ್ರು, ಕೋರ್ಟಿಗೂ ಹೋದ್ರು. 2016ರ ಆಗಸ್ಟ್‌ನಲ್ಲಿ ಆ ನಾಯಕ ಬಹಿರಂಗವಾಗಿ ಕ್ಷಮೆ ಕೇಳಬೇಕಾಯ್ತು.

2018ರಲ್ಲಿ ಇನ್ನೊಂದು ಸ್ಫೋಟ. ಹಿಂದಿನ ಮುಖ್ಯ ನ್ಯಾಯಮೂರ್ತಿ ಯಾಂಗ್ ಸುಂಗ್-ಟೇ ಕಾಲದ ನ್ಯಾಯಾಂಗ ಆಡಳಿತದ ಕಡತಗಳು ಹೊರಗೆ ಬಂದವು. ಸರ್ಕಾರದ ನೀತಿಗೆ ಸಹಕರಿಸಿದ ತೀರ್ಪುಗಳು ಅಂತ ಪಟ್ಟಿ ಮಾಡಿದ್ದ ಕಾಗದದಲ್ಲಿ ಈ ಗಿಟಾರ್ ಕಾರ್ಮಿಕರ ತೀರ್ಪೂ ಇತ್ತು. ತೀರ್ಪು ಬದಲಾಗಲಿಲ್ಲ. ಆದ್ರೆ ಸೋತವರಿಗೆ ತಾವು ಸೋತ ಆಟ ಹೇಗಿತ್ತು ಅನ್ನೋದರ ಒಂದು ನೋಟ ಸಿಕ್ತು.

ಭಾಗ 10/10
4,464 ದಿನ, ಆಮೇಲೆ ಒಂದು ತಿಂಗಳು

2019ರ ವಸಂತ. ಸೋಲ್‌ನಲ್ಲಿ ಕಂಪನಿಯ ಮುಖ್ಯ ಕಚೇರಿ ಮುಂದೆ ಡೇರೆ. ಗಿಟಾರ್ ಮಾಡ್ತಾ ಮಾಡ್ತಾ ವಯಸ್ಸಾದ ಒಬ್ಬ ಕಾರ್ಮಿಕ ಉಪವಾಸ ಕೂತ್ರು. 42 ದಿನ.

ಏಪ್ರಿಲ್ 22ರಂದು ಒಪ್ಪಂದಕ್ಕೆ ಬಂದ್ರು. ಹೋರಾಟದ 4,464ನೇ ದಿನ ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಕಂಪನಿ ವಿಷಾದ ವ್ಯಕ್ತಪಡಿಸಿತು. ಉಳಿದಿದ್ದ 25 ಸದಸ್ಯರಿಗೆ ಪರಿಹಾರ. ಕೊನೇ ತನಕ ಧರಣಿಯಲ್ಲಿದ್ದ ಮೂವರನ್ನ ಮೇ 2ರಂದು ಕೆಲಸಕ್ಕೆ ವಾಪಸ್ ತಗೊಳ್ಳೋದು, ಮೇ 30ರಂದು ಅವರೇ ರಾಜೀನಾಮೆ ಕೊಡೋದು.

ಮತ್ತೆ ಓದಿ. ಹದಿಮೂರನೇ ವರ್ಷದಲ್ಲಿ ಸಿಕ್ಕಿದ್ದು ನಾಲ್ಕು ವಾರದ ಕೆಲಸ.

ಇಷ್ಟಕ್ಕಾ ಇಷ್ಟೆಲ್ಲ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ, ಅದು ಸರಿಯಾದ ಪ್ರಶ್ನೆಯೇ. ಹಾಡುಗಳು ಕಾರ್ಖಾನೆಯ ಬಾಗಿಲು ತೆಗೆಸಲಿಲ್ಲ. ರಾಕ್ ಸ್ಟಾರ್‌ಗಳು ಕಾನೂನು ಬದಲಾಯಿಸಲಿಲ್ಲ. ಹೋರಾಟ ಶುರುಮಾಡಿದ ಎಷ್ಟೋ ಜನ ನಡುವೆಯೇ ಹೊಟ್ಟೆಪಾಡಿಗೆ ಬೇರೆ ದಾರಿ ಹಿಡೀಬೇಕಾಯ್ತು, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆದ್ರೆ ನಾಲ್ಕು ವಾರ ಅನ್ನೋದನ್ನ ಅವರ ಕಡೆಯಿಂದ ನೋಡಿ. ಕೆಲಸದಿಂದ ‘ತೆಗೆಸಿಕೊಂಡವರು’ ಅನ್ನೋ ಹಣೆಪಟ್ಟಿ ಹೊತ್ತು ಸಾಯೋದು ಬೇರೆ. ನಾವು ವಾಪಸ್ ಹೋದ್ವಿ, ಆಮೇಲೆ ನಾವೇ ಬಿಟ್ವಿ ಅನ್ನೋದು ಬೇರೆ. ಸಂಬಳದ ಚೀಟಿಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಮನುಷ್ಯರ ಲೆಕ್ಕದಲ್ಲಿ ಎಲ್ಲವೂ ಇದೇ.

ಆ ಹದಿಮೂರು ವರ್ಷ ಅವರು ತಡ್ಕೊಂಡದ್ದು ಹೇಗೆ? ಉತ್ತರದ ಒಂದು ದೊಡ್ಡ ಪಾಲು ಆ ಕೊನೇ ಬುಧವಾರಗಳಲ್ಲಿದೆ, ಒಡೆದುಹೋದ ಆ ಶಿಲ್ಪಗಳಲ್ಲಿದೆ, ಬೇಡ ಅಂದ ಆ ಒಂದು ಕಛೇರಿಯಲ್ಲಿದೆ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತೆ: ಹಾಗಾದ್ರೆ ಆ ಗಿಟಾರ್ ಕೊಳ್ಳೋದೇ ಬೇಡ್ವಾ? ಕೆಲಸ ಹೋಗಿದ್ದು ಇಂಡೋನೇಷ್ಯಾಕ್ಕೆ, ಚೀನಾಕ್ಕೆ ಅಲ್ವಾ, ಅಲ್ಲಿನ ಕಾರ್ಮಿಕರ ಹೊಟ್ಟೆಗೆ ಹೊಡೆದ ಹಾಗಾಗಲ್ವಾ? ನನಗೆ ಅನ್ನಿಸೋದು ಇಷ್ಟು. ಸುರಬಾಯಾದ ಹುಡುಗಿ ಇಂಚಾನ್‌ನ ಕಾರ್ಮಿಕನ ಶತ್ರು ಅಲ್ಲ. ಇವತ್ತು ಇವರಿಗೆ ಆದದ್ದು, ಇನ್ನೂ ಅಗ್ಗದ ಜಾಗ ಸಿಕ್ಕ ದಿನ ಅವಳಿಗೂ ಆಗಬಹುದು. ಕೊಳ್ಳೋದು ಬಿಡೋದು ನಿಮ್ಮ ಜೇಬಿನ, ಮನಸ್ಸಿನ ವಿಚಾರ. ಕೇಳೋದನ್ನ ಮಾತ್ರ ಬಿಡಬೇಡಿ. ಇದನ್ನ ಮಾಡಿದ್ದು ಯಾರು? ಅವರಿಗೆ ಸಂಘ ಇದ್ಯಾ? ಕೆಲಸದ ಜಾಗಕ್ಕೆ ಕಿಟಕಿ ಇದ್ಯಾ?

ಈ ಪ್ರಶ್ನೆ ಗಿಟಾರಿಗೆ ಮಾತ್ರ ಅಲ್ಲ. ನೀವು ಹಾಕ್ಕೊಂಡಿರೋ ಶರ್ಟಿಗೆ, ಇದನ್ನ ಓದ್ತಿರೋ ಫೋನಿಗೆ ಕೂಡ ಅನ್ವಯಿಸುತ್ತೆ. ಬೆಂಗಳೂರಿನ ಗಾರ್ಮೆಂಟ್ಸ್ ಅಕ್ಕಂದಿರು ಬೆಳಿಗ್ಗೆ ಬಸ್ಸಿಗೆ ಓಡೋದನ್ನ ನೋಡಿದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ.

ಕಾಲೇಜ್ ಫೆಸ್ಟ್‌ಗಳಲ್ಲಿ ನುಡಿಸೋ ಗೆಳೆಯರೇ, ನಿಮಗೆ ಒಂದು ಸಣ್ಣ ಕೆಲಸ. ಕಮೆಂಟಲ್ಲಿ ಹೇಳಿ: ನಿಮ್ಮ ವಾದ್ಯ ಎಲ್ಲಿ ತಯಾರಾಗಿದ್ದು? ಗಿಟಾರ್, ಕೀಬೋರ್ಡ್, ತಬಲಾ, ವೀಣೆ, ಯಾವುದಾದ್ರೂ ಸರಿ. ಮಾಡಿದವರ ಹೆಸರು ಗೊತ್ತಿದ್ರೆ ಅದನ್ನೂ ಬರೀರಿ. ಗೊತ್ತಿಲ್ಲದಿದ್ರೆ ಊರಿನ ಹೆಸರಾದ್ರೂ ಬರೀರಿ. ಮುಂದಿನ ಸರಣಿ ನಿಮ್ಮ ಉತ್ತರಗಳಿಂದಲೇ ಶುರುವಾಗುತ್ತೆ.

ಸೇವ್ ಮಾಡಿಟ್ಕೊಳ್ಳಿ. ಬ್ಯಾಂಡ್ ಗೆಳೆಯರಿಗೆ ಕಳಿಸಿ.

#ಗಿಟಾರ್‌ಮಾಡಿದಕೈಗಳು #ಕಾರ್ಮಿಕರಇತಿಹಾಸ #ಕೊರಿಯಾ #ಸಂಗೀತ #ಕನ್ನಡದಲ್ಲಿಇತಿಹಾಸ